ಕೃತಕ ಕಾಲಿನ ಸಾಕೆಟ್: ಭಾರ ಮತ್ತು ಹಿಡಿತದ ಚರಿತ್ರೆ

ಕೃತಕ ಕಾಲಿನಲ್ಲಿ ಮೈಗೆ ನೇರವಾಗಿ ತಾಗುವ ಭಾಗ ಸಾಕೆಟ್. ಶಸ್ತ್ರಚಿಕಿತ್ಸೆಯ ನಂತರ ಉಳಿದ ಮೋಟುಗಾಲು ಇದರೊಳಗೆ ಕೂರುತ್ತದೆ. ಕೆಳಗಿನ ಕೊಳವೆ, ಕೀಲು, ಪಾದ ಎಲ್ಲವೂ ಇದಕ್ಕೇ ಜೋಡಣೆಯಾಗಿರುತ್ತವೆ. ಪಾದ ಎಷ್ಟೇ ಚೆನ್ನಾಗಿರಲಿ, ಸಾಕೆಟ್ ಸರಿಯಾಗಿ ಕೂರದಿದ್ದರೆ ಆ ಕಾಲು ನಾಲ್ಕೇ ದಿನದಲ್ಲಿ ಮೂಲೆ ಸೇರುತ್ತದೆ. ಸಾಕೆಟ್ ಮಾಡಬೇಕಾದ ಕೆಲಸ ಎರಡು. ಕಾಲೂರಿ ನಿಂತಾಗ ಅದು ಮೈಭಾರವನ್ನು ನೋವಾಗದ ಜಾಗದಲ್ಲಿ ಹೊರಬೇಕು. ಹೆಜ್ಜೆ ಎತ್ತಿದಾಗ ಕಾಲು ಕಳಚಿ ಬೀಳದಂತೆ ಹಿಡಿದುಕೊಳ್ಳಬೇಕು. ಭಾರ ಎಲ್ಲಿ, ಹಿಡಿತ ಎಲ್ಲಿ ಎಂಬ ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ವೈದ್ಯರು, ಬಡಗಿಗಳು, ಕಮ್ಮಾರರು, ಎಂಜಿನಿಯರುಗಳು ಕೊಟ್ಟ ಉತ್ತರಗಳೇ ಸಾಕೆಟ್‌ನ ಚರಿತ್ರೆ.

ಪ್ರಶ್ನೆ ಸುಲಭದ್ದಲ್ಲ. ಅಂಗಾಲಿನ ಚರ್ಮ ದಪ್ಪ, ಅದರಡಿ ಕೊಬ್ಬಿನ ಮೆತ್ತೆಯಿದೆ. ಹುಟ್ಟಿನಿಂದಲೇ ಅದು ಭಾರ ಹೊರಲು ಸಜ್ಜಾದದ್ದು. ಕಣಕಾಲಿನ ಅಥವಾ ತೊಡೆಯ ಚರ್ಮಕ್ಕೆ ಆ ಶಕ್ತಿಯಿಲ್ಲ. ಮೂಳೆಯನ್ನು ಕೊಯ್ದ ತುದಿಯ ಮೇಲೆ ಭಾರ ಬಿದ್ದರೆ ಚರ್ಮ ಒಡೆಯುತ್ತದೆ. ಮಂಡಿಯ ಕೆಳಗೆ ಕತ್ತರಿಸಿದ ಕಾಲಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಟಿಬಿಯಾ ಮೂಳೆಯ ಒಳಮಗ್ಗುಲಿನ ಅಗಲವಾದ ಭಾಗ, ಮೀನಖಂಡದ ಮಾಂಸ ಇವು ಒತ್ತಡವನ್ನು ಸಹಿಸುತ್ತವೆ. ಟಿಬಿಯಾದ ಮುಂದಿನ ಏಣು, ಅದರ ಕೊಯ್ದ ತುದಿ, ಹೊರಮಗ್ಗುಲಿನ ಫಿಬುಲಾ ಮೂಳೆಯ ತಲೆ ಇವು ಸಹಿಸುವುದಿಲ್ಲ. ಫಿಬುಲಾದ ತಲೆಯ ಪಕ್ಕದಲ್ಲೇ ಚರ್ಮದಡಿ ನರವೊಂದು ಹಾದುಹೋಗುವುದರಿಂದ ಅಲ್ಲಿ ಸಾಕೆಟ್ ಒತ್ತಿದರೆ ನೋವು ಕಾಲಿಡೀ ಜುಮ್ಮೆನ್ನುತ್ತದೆ. ಇದರ ಜೊತೆಗೆ ಮೋಟುಗಾಲಿನ ಗಾತ್ರವೂ ಸ್ಥಿರವಲ್ಲ. ಬೆಳಿಗ್ಗೆ ಬಿಗಿಯಾಗಿದ್ದ ಸಾಕೆಟ್ ಸಂಜೆಗೆ ಸಡಿಲವಾಗುತ್ತದೆ, ಶಸ್ತ್ರಚಿಕಿತ್ಸೆಯಾದ ಮೊದಲ ವರ್ಷದಲ್ಲಂತೂ ಕಾಲು ಒಂದೇ ಸಮನೆ ಕುಗ್ಗುತ್ತದೆ. ಸಡಿಲವಾದಾಗ ಪ್ರತಿ ಹೆಜ್ಜೆಗೂ ಕಾಲು ಸಾಕೆಟ್‌ನೊಳಗೆ ಮೇಲೆ ಕೆಳಗೆ ಜಾರಾಡಿ ಚರ್ಮವನ್ನು ಉಜ್ಜುತ್ತದೆ. ಆದ್ದರಿಂದ ಒಳಗೆ ಮೆತ್ತೆ ತುಂಬಿದ ಮಾತ್ರಕ್ಕೆ ಸಾಕೆಟ್ ಹಿತವಾಗುವುದಿಲ್ಲ. ಭಾರ ಬೀಳಬೇಕಾದಲ್ಲಿ ಬಿದ್ದು, ಜಾರಾಟ ನಿಂತರೆ ಗಟ್ಟಿ ಗೋಡೆಯ ಸಾಕೆಟ್ಟೂ ಹಿತವಾಗಿರುತ್ತದೆ. ಈ ತಿಳಿವಳಿಕೆ ಬರಲು ಶತಮಾನಗಳೇ ಹಿಡಿದವು.

ಹಳೆಯ ಕುರುಹುಗಳು

ಋಗ್ವೇದದ ಮೊದಲ ಮಂಡಲದ 116ನೆಯ ಸೂಕ್ತದಲ್ಲಿ, ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀ ದೇವತೆಗಳು ಲೋಹದ ಕಾಲನ್ನು ಕೊಟ್ಟ ಪ್ರಸಂಗ ಬರುತ್ತದೆ. ಆ ಕಾಲು ಮೈಗೆ ಹೇಗೆ ಕೂತಿತ್ತು ಎಂಬ ವಿವರ ಅಲ್ಲಿಲ್ಲ. ವಸ್ತುರೂಪದಲ್ಲಿ ಸಿಕ್ಕಿರುವ ಪುರಾವೆಗಳಲ್ಲಿ ಹೆಸರಾದದ್ದು ಈಜಿಪ್ಟಿನ ಲಕ್ಸರ್ ಬಳಿಯ ಸಮಾಧಿಯೊಂದರಲ್ಲಿ ದೊರೆತ ಹೆಬ್ಬೆರಳು. ಸುಮಾರು 3,000 ವರ್ಷ ಹಿಂದಿನ ಇದನ್ನು ಮರ ಮತ್ತು ಚರ್ಮದಿಂದ ಮಾಡಿ, ಪಾದಕ್ಕೆ ಪಟ್ಟಿಯಿಂದ ಕಟ್ಟುವಂತೆ ಜೋಡಿಸಲಾಗಿತ್ತು. ತೊಟ್ಟವಳು ಅರ್ಚಕನೊಬ್ಬನ ಮಗಳು. ಆ ಬೆರಳನ್ನು ಅವಳ ಪಾದಕ್ಕೆ ಹಲವು ಸಲ ಮತ್ತೆ ಮತ್ತೆ ಹೊಂದಿಸಲಾಗಿತ್ತು ಎಂಬುದು ಬಾಸೆಲ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಕಂಡುಬಂತು. ಒಮ್ಮೆ ಮಾಡಿಕೊಟ್ಟರೆ ಕೆಲಸ ಮುಗಿಯಲಿಲ್ಲ, ತೊಟ್ಟವರ ಮೈಗೆ ತಕ್ಕಂತೆ ತಿದ್ದುತ್ತಲೇ ಇರಬೇಕು ಎಂಬ ಪಾಠ ಅಷ್ಟು ಹಳೆಯದು.

ಚೀನಾದ ತುರ್ಪಾನ್ ಬಳಿ ಕ್ರಿ.ಪೂ. 3ನೆಯ ಶತಮಾನದ ಆಸುಪಾಸಿನ ಸಮಾಧಿಯಲ್ಲಿ ಮರದ ಊರುಗಾಲೊಂದು ಸಿಕ್ಕಿದೆ. ಅದನ್ನು ಬಳಸಿದವನ ಕಾಲು ಕತ್ತರಿಸಿದ್ದಲ್ಲ. ರೋಗದಿಂದ ಅವನ ಮಂಡಿ ಮಡಿಚಿದ ಸ್ಥಿತಿಯಲ್ಲೇ ಬೆಸೆದುಹೋಗಿತ್ತು. ಮರದ ಚಪ್ಪಟೆ ಭಾಗವನ್ನು ತೊಡೆಗೆ ಒತ್ತಿಟ್ಟು, ಅದರ ರಂಧ್ರಗಳ ಮೂಲಕ ಚರ್ಮದ ಪಟ್ಟಿ ಹಾಯಿಸಿ ಕಟ್ಟುತ್ತಿದ್ದರು. ನೆಲಕ್ಕೆ ಊರುವ ತುದಿಗೆ ಪ್ರಾಣಿಯ ಗೊರಸು ತೊಡಿಸಲಾಗಿತ್ತು. ಇಟಲಿಯ ಕಾಪುವಾದಲ್ಲಿ ಸಿಕ್ಕಿದ, ಸುಮಾರು ಅದೇ ಕಾಲದ ಇನ್ನೊಂದು ಕಾಲು ಮರದ ತಿರುಳಿನ ಮೇಲೆ ಕಂಚಿನ ತಗಡು ಹೊದಿಸಿದ್ದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿದ್ದ ಅದು 1941ರ ಬಾಂಬ್ ದಾಳಿಯಲ್ಲಿ ನಾಶವಾಯಿತು; ಅದರ ಪ್ರತಿಕೃತಿ ಮಾತ್ರ ಉಳಿದಿದೆ. ಇಂಥ ಕಾಲುಗಳಲ್ಲಿ ಹಿಡಿತದ ಪ್ರಶ್ನೆಗೆ ಇದ್ದ ಉತ್ತರ ಒಂದೇ, ಕಟ್ಟುವ ಪಟ್ಟಿ. ಭಾರದ ಪ್ರಶ್ನೆ ತೊಟ್ಟವರ ಸಹನೆಗೆ ಬಿಟ್ಟದ್ದು.

ಮಂಡಿಯೂರಿದ ಕಾಲು, ತೊಡೆಗೆ ಕಟ್ಟಿದ ಕಾಲು

16ನೆಯ ಶತಮಾನದ ಫ್ರಾನ್ಸಿನಲ್ಲಿ ಸೈನ್ಯದ ಶಸ್ತ್ರವೈದ್ಯ ಆಂಬ್ರವಾಸ್ ಪಾರೆ ಈ ಕಸುಬಿಗೆ ಹೊಸ ತಿರುವು ಕೊಟ್ಟ. ಕತ್ತರಿಸಿದ ಕಾಲಿನ ರಕ್ತವನ್ನು ಕಾಯಿಸಿದ ಕಬ್ಬಿಣದಿಂದ ಸುಟ್ಟು ನಿಲ್ಲಿಸುವ ಬದಲು ರಕ್ತನಾಳಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ಅವನು 1552ರಲ್ಲಿ ಅನುಸರಿಸಿದ. ಸುಡದ ಮೋಟುಗಾಲು ಹೆಚ್ಚು ಹಸನಾಗಿ ಮಾಯುತ್ತಿತ್ತು. ಉಳ್ಳವರಿಗೆಂದು ಬೀಗ ಮಾಡುವವರು, ಕವಚ ಮಾಡುವವರ ಕೈಯಲ್ಲಿ ಅವನು ಕೀಲಿರುವ ಲೋಹದ ಅವಯವಗಳನ್ನು ಮಾಡಿಸಿದ. ಅವನ ಗ್ರಂಥದಲ್ಲಿ ಬಡವರ ಮರದ ಕಾಲಿನ ಚಿತ್ರವೂ ಇದೆ. ಅದರಲ್ಲಿ ಮಂಡಿಯನ್ನು ಮಡಿಚಿ ಮೆತ್ತೆ ಹಾಕಿದ ಮರದ ಆಸನದ ಮೇಲೆ ಊರುತ್ತಾರೆ, ಮೋಟುಗಾಲು ಹಿಂದಕ್ಕೆ ಚಾಚಿಕೊಂಡಿರುತ್ತದೆ. ತೊಡೆಯ ಪಕ್ಕದಲ್ಲಿ ಮೇಲೆದ್ದ ಮರದ ಕವಲುಗಳನ್ನು ಪಟ್ಟಿಯಿಂದ ಬಿಗಿಯುತ್ತಾರೆ. ಕೊಯ್ದ ತುದಿಗೆ ಏನೂ ತಾಗುವುದಿಲ್ಲ. ಪ್ರಾರ್ಥನೆಗೆ ಮಂಡಿಯೂರಿದಾಗ ದೇಹ ಸಹಜವಾಗಿ ಭಾರ ಹೊರುವ ಜಾಗದಲ್ಲೇ ಇಲ್ಲೂ ಭಾರ ಬೀಳುತ್ತದೆ. ನಡಿಗೆ ಕುಂಟಾದರೂ ಈ ಕಾಲು ನೋಯುತ್ತಿರಲಿಲ್ಲ. ಮೂರು ಶತಮಾನ ಅದು ಬಳಕೆಯಲ್ಲಿ ಉಳಿದದ್ದಕ್ಕೆ ಅಗ್ಗವಾಗಿದ್ದುದರ ಜೊತೆಗೆ ಇದೂ ಕಾರಣ.

ಈ ಕಾಲು ಶಸ್ತ್ರವೈದ್ಯರ ಕತ್ತಿ ಎಲ್ಲಿ ಇಳಿಯಬೇಕು ಎಂಬುದನ್ನೂ ನಿರ್ಧರಿಸಿತು. ಮೋಟುಗಾಲು ಉದ್ದವಾಗಿದ್ದರೆ ಹಿಂದಕ್ಕೆ ಚಾಚಿಕೊಂಡು ಅಲ್ಲಿ ಇಲ್ಲಿ ತಗಲುತ್ತಿತ್ತು. ಹಾಗಾಗಿ ಗಾಯ ಪಾದದಲ್ಲಿದ್ದರೂ ಮಂಡಿಯ ಕೆಳಗೆ ನಾಲ್ಕೈದು ಬೆರಳಿನಷ್ಟು ಮಾತ್ರ ಉಳಿಸಿ ಕತ್ತರಿಸುವುದು ರೂಢಿಯಾಯಿತು. ಉಳಿಸಬಹುದಾಗಿದ್ದ ಕಾಲನ್ನು ಸಲಕರಣೆಗೆ ಹೊಂದಿಸಲು ಕಳೆಯುತ್ತಿದ್ದರು.

ಇದಕ್ಕೆ ಪರ್ಯಾಯ ಸೂಚಿಸಿದವನು ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಪೀಟರ್ ವೆರ್ಡೈನ್. 1696ರಲ್ಲಿ ಅವನು ಮಾಡಿಸಿದ ಕಾಲಿನಲ್ಲಿ ಮಂಡಿ ಮುಕ್ತವಾಗಿ ಮಡಿಚುತ್ತಿತ್ತು. ಮೋಟುಗಾಲು ತಾಮ್ರದ ಬಟ್ಟಲಿನೊಳಗೆ ಕೂರುತ್ತಿತ್ತು. ಮಂಡಿಯ ಎರಡೂ ಪಕ್ಕದ ಕಬ್ಬಿಣದ ಪಟ್ಟಿಗಳು ಕೀಲಿನ ಮೂಲಕ ಮೇಲೇರಿ ತೊಡೆಯ ಸುತ್ತ ದಾರದಿಂದ ಬಿಗಿಯುವ ಚರ್ಮದ ಕವಚಕ್ಕೆ ಸೇರುತ್ತಿದ್ದವು. ಭಾರದ ಒಂದು ಪಾಲು ತೊಡೆಗೆ ಹೋಗುತ್ತಿತ್ತು, ಹಿಡಿತವೂ ಅಲ್ಲೇ. ಇದು ಕೂಡಲೇ ಹರಡಲಿಲ್ಲ. 19ನೆಯ ಶತಮಾನದಲ್ಲಿ ಮತ್ತೆ ಬಳಕೆಗೆ ಬಂದ ಮೇಲೆ ಮಾತ್ರ 1950ರ ದಶಕದವರೆಗೂ ಮಂಡಿಯ ಕೆಳಗಿನ ಕೃತಕ ಕಾಲು ಎಂದರೆ ಇದೇ ಎನ್ನುವಂತಾಯಿತು. ಆದರೆ ದಿನವಿಡೀ ಬಿಗಿದ ತೊಡೆಯ ಸ್ನಾಯುಗಳು ಸೊರಗುತ್ತಿದ್ದವು. ಮನುಷ್ಯನ ಮಂಡಿ ಒಂದೇ ಅಚ್ಚಿನ ಮೇಲೆ ತಿರುಗುವುದಿಲ್ಲ, ಮಡಿಚಿದಂತೆ ಅದರ ಅಚ್ಚು ಸರಿಯುತ್ತದೆ. ಕಬ್ಬಿಣದ ಕೀಲಿಗೆ ಅದು ಗೊತ್ತಿಲ್ಲ. ಈ ಹೊಂದಾಣಿಕೆಯ ಕೊರತೆಯಿಂದ ಕೂತು ಏಳುವಾಗಲೆಲ್ಲ ಮೋಟುಗಾಲು ಬಟ್ಟಲಿನೊಳಗೆ ಜಾರಾಡುತ್ತಿತ್ತು.

ಮರ ಕೆತ್ತುವವರ ಶತಮಾನ

19ನೆಯ ಶತಮಾನದಲ್ಲಿ ಕೃತಕ ಕಾಲು ಮಾಡುವುದು ಪ್ರತ್ಯೇಕ ಕಸುಬಾಯಿತು. ವಾಟರ್‌ಲೂ ಕದನದಲ್ಲಿ 1815ರಲ್ಲಿ ಕಾಲು ಕಳೆದುಕೊಂಡ ಆಂಗಲ್ಸಿಯ ಮಾರ್ಕ್ವಿಸ್‌ಗೆ ಲಂಡನ್ನಿನ ಜೇಮ್ಸ್ ಪಾಟ್ಸ್ ಮಾಡಿಕೊಟ್ಟ ಕಾಲು ‘ಆಂಗಲ್ಸಿ ಲೆಗ್’ ಎಂದೇ ಹೆಸರಾಯಿತು. ಮರದ ಕಣಕಾಲು, ಉಕ್ಕಿನ ಮಂಡಿಕೀಲು, ಪ್ರಾಣಿಯ ಕರುಳಿನ ತಂತಿಯಿಂದ ಏರಿಳಿಯುವ ಪಾದ ಅದರ ವಿಶೇಷ. ಸಾಕೆಟ್ ಮಾತ್ರ ಮರದ ತುಂಡನ್ನು ಒಳಗಿನಿಂದ ಕೊರೆದು ಮಾಡಿದ್ದು.

ಮರದ ಸಾಕೆಟ್‌ಗೆ ಹಗುರವಾದ, ಸೀಳದ ವಿಲೋ ಮರ ಮೆಚ್ಚಿನದು. ಕಸುಬುದಾರ ಮೋಟುಗಾಲಿನ ಸುತ್ತಳತೆಗಳನ್ನು ಹಲವು ಮಟ್ಟದಲ್ಲಿ ಅಳೆದುಕೊಂಡು, ಬಾಗಿದ ಉಳಿಗಳಿಂದ ಮರವನ್ನು ತೋಡುತ್ತಿದ್ದ. ತೊಡಿಸಿ ನೋಡುವುದು, ಒತ್ತಿದ ಕಡೆ ಕೆರೆಯುವುದು, ಮತ್ತೆ ತೊಡಿಸುವುದು, ಹೀಗೆ ದಿನಗಟ್ಟಲೆ ನಡೆಯುತ್ತಿತ್ತು. ಸೀಳದಿರಲೆಂದು ಹೊರಮೈಗೆ ಹಸಿ ತೊಗಲು ಎಳೆದು ಅಂಟಿಸಿ ಒಣಗಿಸುತ್ತಿದ್ದರು. ತೊಡುವವರು ಉಣ್ಣೆಯ ಚೀಲವೊಂದನ್ನು ಮೋಟುಗಾಲಿಗೆ ಏರಿಸಿಕೊಂಡು ಸಾಕೆಟ್‌ಗೆ ಇಳಿಸುತ್ತಿದ್ದರು. ಕಾಲು ಕುಗ್ಗಿದಂತೆ ಇನ್ನೊಂದು ಚೀಲ ಸೇರಿಸುವುದು ವಾಡಿಕೆ. ಈ ಉಪಾಯ ಇಂದಿಗೂ ಬಿಟ್ಟುಹೋಗಿಲ್ಲ. ತೊಡೆಯ ಮಟ್ಟದಲ್ಲಿ ಕತ್ತರಿಸಿದವರ ಸಾಕೆಟ್ ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡನೆಯ ಕೊಳಗ. ಬಾಟಲಿಗೆ ಬಿರಡೆ ಗಿಡಿದಂತೆ ತೊಡೆಯನ್ನು ಅದರೊಳಗೆ ತುರುಕುತ್ತಿದ್ದರು. ಭಾರವೆಲ್ಲ ಮಾಂಸದ ಮೇಲೆ ಬಿದ್ದು, ತೊಡೆಸಂದಿನಲ್ಲಿ ಮಾಂಸ ಸುರುಳಿಯಾಗಿ ಸಾಕೆಟ್‌ನ ಅಂಚಿನ ಮೇಲೆ ಉಬ್ಬಿ ಹುಣ್ಣಾಗುತ್ತಿತ್ತು. ಹಿಡಿತಕ್ಕೆ ಸೊಂಟದ ಪಟ್ಟಿ, ಹೆಗಲ ಪಟ್ಟಿ.

ಬೇಡಿಕೆಯನ್ನು ಹೆಚ್ಚಿಸಿದ್ದು ಯುದ್ಧಗಳು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸುಮಾರು 60,000 ಅಂಗಚ್ಛೇದನಗಳಾದವು ಎಂಬ ಅಂದಾಜಿದೆ. ಉತ್ತರದ ಸರ್ಕಾರ 1862ರಲ್ಲಿ ತನ್ನ ಸೈನಿಕರಿಗೆ ಕೃತಕ ಕಾಲೊಂದಕ್ಕೆ 75 ಡಾಲರ್ ಕೊಡುವ ಏರ್ಪಾಡು ಮಾಡಿತು. ದಕ್ಷಿಣದ ಪಡೆ ಸೇರಿದ್ದ 18ರ ಹರೆಯದ ಜೇಮ್ಸ್ ಎಡ್ವರ್ಡ್ ಹ್ಯಾಂಗರ್ 1861ರ ಜೂನ್ 3ರಂದು ಫಿಲಿಪ್ಪಿಯಲ್ಲಿ ಕಾಲು ಕಳೆದುಕೊಂಡ. ಪೀಪಾಯಿಯ ಹಲಗೆಗಳನ್ನು ಕೆತ್ತಿ ತನಗೆ ತಾನೇ ಕಾಲು ಮಾಡಿಕೊಂಡ ಅವನು ಮುಂದೆ ಅದನ್ನೇ ಉದ್ಯಮವಾಗಿ ಬೆಳೆಸಿದ. ಅವನ ಹೆಸರಿನ ಕಂಪನಿ ಇಂದಿಗೂ ಇದೆ.

ಇದೇ ಶತಮಾನದಲ್ಲಿ ಶಸ್ತ್ರಚಿಕಿತ್ಸೆಯೂ ಬದಲಾಯಿತು. 1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಜೋಸೆಫ್ ಲಿಸ್ಟರ್‌ನ ನಂಜುನಿರೋಧಕ ಕ್ರಮ ಬಂದ ಮೇಲೆ ವೈದ್ಯರಿಗೆ ನಿಧಾನವಾಗಿ, ಮುಂದಿನ ಸಾಕೆಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಲು ಬಿಡುವು ಸಿಕ್ಕಿತು. ಮೂಳೆಯ ಅಂಚನ್ನು ನುಣುಪಾಗಿಸಿ, ಸ್ನಾಯು ಮತ್ತು ಚರ್ಮದ ಪದರವನ್ನು ಅದರ ಮೇಲೆ ಮಡಿಚಿ ಹೊಲಿಯುವುದು ಸಾಧ್ಯವಾಯಿತು. ಎಡಿನ್‌ಬರೋದ ಜೇಮ್ಸ್ ಸೈಮ್ 1842ರಲ್ಲಿಯೇ ಹಿಮ್ಮಡಿಯ ದಪ್ಪ ಚರ್ಮವನ್ನು ಉಳಿಸಿಕೊಂಡು ಹರಡಿನ ಮಟ್ಟದಲ್ಲಿ ಪಾದ ತೆಗೆಯುವ ವಿಧಾನ ತೋರಿಸಿದ್ದ. ಅಲ್ಲಿ ತುದಿಯೇ ಭಾರ ಹೊರುತ್ತದೆ. ಸಾಕೆಟ್‌ನ ಹಿತ ಅರ್ಧಪಾಲು ಶಸ್ತ್ರವೈದ್ಯರ ಮೇಜಿನ ಮೇಲೆಯೇ ನಿರ್ಧಾರವಾಗುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಗಾಳಿಯ ಹಿಡಿತ

ಪಟ್ಟಿಯಿಲ್ಲದೆ ಕಾಲನ್ನು ಹಿಡಿಸುವ ಯೋಚನೆ ಅಂತರ್ಯುದ್ಧದ ಕಾಲದ್ದೇ. ನ್ಯೂಯಾರ್ಕಿನ ಡುಬೋಯಿಸ್ ಪಾರ್ಮೆಲಿ 1863ರಲ್ಲಿ ಗಾಳಿಯ ಒತ್ತಡದಿಂದ ನಿಲ್ಲುವ ಸಾಕೆಟ್‌ಗೆ ಪೇಟೆಂಟ್ ಪಡೆದ. ತೊಡೆ ಒಳಗಿಳಿದಾಗ ಗಾಳಿ ಹೊರಹೋಗಬೇಕು, ಮತ್ತೆ ಒಳಬರಬಾರದು. ಆಗ ಹೆಜ್ಜೆ ಎತ್ತಿದರೆ ಹೊರಗಿನ ಗಾಳಿಯ ಒತ್ತಡವೇ ಕಾಲನ್ನು ಮೈಗೆ ಅಂಟಿಸಿಡುತ್ತದೆ. ತತ್ತ್ವ ಸರಿಯಾಗಿತ್ತು. ಆದರೆ ಗಾಳಿ ನುಸುಳದಷ್ಟು ಹದವಾಗಿ ಮರ ಕೆತ್ತುವುದು ಕಷ್ಟವಾದ್ದರಿಂದ ಅದು ಬಹುಕಾಲ ಮೂಲೆಯಲ್ಲೇ ಉಳಿಯಿತು.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಒಂದರಲ್ಲೇ 41,000ಕ್ಕೂ ಹೆಚ್ಚು ಸೈನಿಕರು ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಅವರಿಗೆಂದು ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿ 1915ರಲ್ಲಿ ಆಸ್ಪತ್ರೆ ತೆರೆಯಿತು. 1913ರ ವಿಮಾನ ಅಪಘಾತದಲ್ಲಿ ಕಾಲು ಕಳೆದುಕೊಂಡ ಮಾರ್ಸೆಲ್ ಡಿಸೌಟರ್‌ಗೆ ಅವನ ತಮ್ಮ ಚಾರ್ಲ್ಸ್ ವಿಮಾನಕ್ಕೆ ಬಳಸುವ ಡ್ಯುರಾಲುಮಿನ್ ಲೋಹದಿಂದ ಕಾಲು ಮಾಡಿಕೊಟ್ಟಿದ್ದ. ಯುದ್ಧದ ನಂತರ ಲೋಹದ ಹಗುರ ಕಾಲು ಮರಕ್ಕೆ ಸ್ಪರ್ಧಿಯಾಯಿತು. 1919ರಲ್ಲಿ ಬರ್ಲಿನ್ನಿನಲ್ಲಿ ಆಟೋ ಬಾಕ್ ಕೃತಕ ಕಾಲಿನ ಬಿಡಿಭಾಗಗಳನ್ನು ಕಾರ್ಖಾನೆಯಲ್ಲಿ ಸಗಟಾಗಿ ತಯಾರಿಸುವ ಕಂಪನಿ ಸ್ಥಾಪಿಸಿದ. ಪಾದ, ಮಂಡಿಕೀಲುಗಳು ಅಂದಿನಿಂದ ಕಾರ್ಖಾನೆಯ ಸರಕಾದವು. ಸಾಕೆಟ್ ಆಗಲಿಲ್ಲ. ಎರಡು ಮೋಟುಗಾಲುಗಳು ಒಂದೇ ಥರ ಇರುವುದಿಲ್ಲವಾದ್ದರಿಂದ ಅದನ್ನು ಒಬ್ಬೊಬ್ಬರಿಗೂ ಕೈಯಾರೆ ಮಾಡಬೇಕಿತ್ತು.

ಜರ್ಮನಿಯ ಕಸುಬುದಾರರು 1930ರ ದಶಕದಿಂದ ಹೀಗೆ ಗಾಳಿಯ ಒತ್ತಡದಿಂದ ನಿಲ್ಲುವ ಹೀರುಹಿಡಿತದ ಸಾಕೆಟ್ ಅನ್ನು ಬಳಕೆಗೆ ತಂದಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಅಮೆರಿಕದ ತಂಡವೊಂದು ಯುರೋಪಿಗೆ ಹೋಗಿ ಅದನ್ನು ಕಂಡು ಬಂದಿತು. ಈ ಸಾಕೆಟ್ ತೊಡುವ ಕ್ರಮವೇ ಬೇರೆ. ತೊಡೆಗೆ ತೆಳುವಾದ ಹತ್ತಿಯ ಉದ್ದ ಚೀಲ ಏರಿಸಿ, ಅದರ ತುದಿಯನ್ನು ಸಾಕೆಟ್‌ನ ಕೆಳಗಿನ ರಂಧ್ರದಿಂದ ಹೊರಗೆಳೆಯುತ್ತಾರೆ. ನಿಂತುಕೊಂಡು ಚೀಲವನ್ನು ಜಗ್ಗುತ್ತ ಹೋದಂತೆ ತೊಡೆಯ ಮಾಂಸ ಪೂರ್ತಿ ಒಳಗಿಳಿಯುತ್ತದೆ, ಚೀಲ ಹೊರಬರುತ್ತದೆ. ಬಳಿಕ ರಂಧ್ರಕ್ಕೆ ಗಾಳಿ ಹೊರಬಿಡುವ ವಾಲ್ವ್ ತಿರುಗಿಸಿ ಕೂರಿಸುತ್ತಾರೆ. ಹೆಗಲ ಪಟ್ಟಿಯ ಕಾಟವಿಲ್ಲ, ಸೊಂಟದ ಪಟ್ಟಿಯೂ ಅನೇಕರಿಗೆ ಬೇಕಿಲ್ಲ. ಆದರೆ ತೂಕ ಹೆಚ್ಚು ಕಡಿಮೆಯಾದರೆ, ಬೆವರು ಹೆಚ್ಚಾದರೆ ಹಿಡಿತ ತಪ್ಪುತ್ತದೆ.

ಬರ್ಕ್ಲಿಯ ಲೆಕ್ಕಾಚಾರ

ಅಮೆರಿಕದ ಗಾಯಾಳು ಸೈನಿಕರಲ್ಲಿ ಕೃತಕ ಕಾಲಿನ ಬಗ್ಗೆ ಇದ್ದ ಅಸಮಾಧಾನದಿಂದಾಗಿ 1945ರಲ್ಲಿ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಆಶ್ರಯದಲ್ಲಿ ಸಂಶೋಧನೆ ಆರಂಭವಾಯಿತು. ಅದರ ಮುಖ್ಯ ಕೇಂದ್ರ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿ ಮೂಳೆವೈದ್ಯ ವರ್ನ್ ಇನ್ಮನ್ ಮತ್ತು ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೋವರ್ಡ್ ಎಬರ್‌ಹಾರ್ಟ್ ಜೊತೆಯಾದರು. ಎಬರ್‌ಹಾರ್ಟ್ 1944ರಲ್ಲಿ ವಿಮಾನದ ರನ್‌ವೇ ಪರೀಕ್ಷೆಯ ವೇಳೆ ನಡೆದ ಅಪಘಾತದಲ್ಲಿ ಸ್ವತಃ ಕಾಲು ಕಳೆದುಕೊಂಡಿದ್ದರು. ಸೇತುವೆ, ಕಟ್ಟಡಗಳಿಗೆ ಮಾಡುವ ಭಾರದ ಲೆಕ್ಕವನ್ನು ನಡಿಗೆಗೂ ಮಾಡುವುದು ಈ ತಂಡದ ಹೊಸತನ. ನಡಿಗೆಯ ಪ್ರತಿ ಹಂತದಲ್ಲಿ ಸಾಕೆಟ್‌ನ ಯಾವ ಗೋಡೆ ಕಾಲಿನ ಯಾವ ಭಾಗವನ್ನು ಎಷ್ಟು ಒತ್ತುತ್ತದೆ ಎಂಬುದನ್ನು ಮೊದಲ ಸಲ ಕ್ರಮವಾಗಿ ಅಳೆಯಲಾಯಿತು.

ಅದರ ಫಲವಾಗಿ ತೊಡೆಯ ಸಾಕೆಟ್ ಗುಂಡು ಆಕಾರ ಬಿಟ್ಟು ನಾಲ್ಕು ಗೋಡೆಗಳ ಆಕಾರ ಪಡೆಯಿತು. ಹಿಂದಿನ ಗೋಡೆಯ ಅಂಚು ಚಪ್ಪಟೆ. ಕುಳಿತಾಗ ನೆಲಕ್ಕೆ ಊರುವ ಇಶ್ಚಿಯಂ ಮೂಳೆ ಅದರ ಮೇಲೆ ಕೂರುತ್ತದೆ. ಮುಂದಿನ ಗೋಡೆ ತೊಡೆಯನ್ನು ಹಿಂದಕ್ಕೆ ಒತ್ತಿ ಮೂಳೆ ಆ ಅಂಚಿನಿಂದ ಜಾರದಂತೆ ತಡೆಯುತ್ತದೆ. ಹೊರಗೋಡೆ ತೊಡೆಮೂಳೆಯನ್ನು ಒಳವಾಲಾಗಿ ಹಿಡಿದು ನಡಿಗೆ ಓಲಾಡದಂತೆ ಕಾಯುತ್ತದೆ. ಭಾರ ಮಾಂಸದಿಂದ ಮೂಳೆಗೆ ಸರಿದದ್ದರಿಂದ ತೊಡೆಸಂದಿನ ಹುಣ್ಣು ಕಡಿಮೆಯಾಯಿತು. ಚಾರ್ಲ್ಸ್ ರ್‍ಯಾಡ್‌ಕ್ಲಿಫ್ 1955ರಲ್ಲಿ ಇದರ ತತ್ತ್ವಗಳನ್ನು ವಿವರವಾಗಿ ಬರೆದರು.

ಮಂಡಿಯ ಕೆಳಗಿನ ಕಾಲಿನ ಬದಲಾವಣೆ ಇನ್ನೂ ದೊಡ್ಡದು. 1957ರಲ್ಲಿ ಬರ್ಕ್ಲಿಯಲ್ಲಿ ತಜ್ಞರು ಸೇರಿ ಅದುವರೆಗಿನ ಒಳ್ಳೆಯ ಪದ್ಧತಿಗಳನ್ನೆಲ್ಲ ಪರಿಶೀಲಿಸಿದರು. ಅದರಿಂದ ಹುಟ್ಟಿದ ಪಿಟಿಬಿ (ಪಟೆಲ್ಲರ್ ಟೆಂಡನ್ ಬೇರಿಂಗ್, ಅಂದರೆ ಮಂಡಿಚಿಪ್ಪಿನ ರಜ್ಜು ಭಾರ ಹೊರುವ) ಸಾಕೆಟ್‌ನ ಕೈಪಿಡಿಯನ್ನು ರ್‍ಯಾಡ್‌ಕ್ಲಿಫ್ ಮತ್ತು ಜೇಮ್ಸ್ ಫೂರ್ಟ್ 1961ರಲ್ಲಿ ಹೊರತಂದರು. ವೆರ್ಡೈನ್ ಕಾಲದಿಂದ ಬಂದಿದ್ದ ತೊಡೆಯ ಕವಚ, ಪಕ್ಕದ ಕಬ್ಬಿಣದ ಕೀಲುಗಳು ಇದರಲ್ಲಿ ಬಿಟ್ಟುಹೋದವು. ಮಂಡಿಚಿಪ್ಪಿನ ಕೆಳಗಿನ ರಜ್ಜು ಭಾರದ ಮುಖ್ಯ ಪಾಲು ಹೊತ್ತರೆ, ಉಳಿದದ್ದನ್ನು ಸಹಿಸಬಲ್ಲ ಇತರ ಜಾಗಗಳು ಹಂಚಿಕೊಳ್ಳುತ್ತವೆ. ಮಂಡಿಚಿಪ್ಪಿನ ಮೇಲೆ ಸುತ್ತುವ ಸಣ್ಣ ಚರ್ಮದ ಪಟ್ಟಿಯಷ್ಟೇ ಹಿಡಿತಕ್ಕೆ.

ಈ ಸಾಕೆಟ್ ಮಾಡುವ ಕ್ರಮ ಇಂದಿಗೂ ಜಗತ್ತಿನ ಹಲವು ಕೇಂದ್ರಗಳ ಮೂಲಪಾಠ. ಮೋಟುಗಾಲಿಗೆ ತೆಳುವಾದ ಒದ್ದೆ ಚೀಲ ತೊಡಿಸಿ, ಅದರ ಮೇಲೆ ಅಳಿಸದ ಪೆನ್ಸಿಲಿನಿಂದ ಮಂಡಿಚಿಪ್ಪು, ಟಿಬಿಯಾದ ಏಣು, ಫಿಬುಲಾದ ತಲೆ ಇವುಗಳ ಗುರುತು ಹಾಕುತ್ತಾರೆ. ಮಂಡಿಯನ್ನು ತುಸು ಮಡಿಚಿ ಇರಿಸಿ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಪ್ಲಾಸ್ಟರ್ ಬಿಗಿಯುವ ಮುನ್ನ ಎರಡು ಹೆಬ್ಬೆರಳುಗಳನ್ನು ರಜ್ಜುವಿನ ಎರಡೂ ಪಕ್ಕಕ್ಕೆ ಒತ್ತಿ, ಉಳಿದ ಬೆರಳುಗಳಿಂದ ಮಂಡಿಯ ಹಿಂಬದಿಯನ್ನು ಒತ್ತಿ ಹಿಡಿಯುತ್ತಾರೆ. ಒಣಗಿದ ಅಚ್ಚನ್ನು ಕಳಚಿದರೆ ಪೆನ್ಸಿಲಿನ ಗುರುತುಗಳು ಅದರ ಒಳಮೈಗೆ ಹತ್ತಿರುತ್ತವೆ. ಅದಕ್ಕೆ ಪ್ಲಾಸ್ಟರ್ ಕಲಸಿ ಸುರಿದರೆ ಕಾಲಿನ ಪಡಿಯಚ್ಚು ಸಿಗುತ್ತದೆ. ಇನ್ನು ತಿದ್ದುವ ಕೆಲಸ. ಭಾರ ಹೊರಬೇಕಾದಲ್ಲಿ ಪ್ಲಾಸ್ಟರನ್ನು ಕೆರೆದು ತಗ್ಗು ಮಾಡುತ್ತಾರೆ, ಭಾರ ತಾಗಬಾರದಲ್ಲಿ ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತಾರೆ. ಅದರ ಮೇಲೆ ಬಟ್ಟೆಯ ಪದರ ಹಾಸಿ, ವಿಮಾನ ಉದ್ಯಮದಿಂದ ಬಂದ ಪ್ಲಾಸ್ಟಿಕ್ ರಾಳ ಸುರಿದು ಗಟ್ಟಿಯಾಗಿಸಿದರೆ ಸಾಕೆಟ್. ಅಂದರೆ ಸಾಕೆಟ್ ಕಾಲಿನ ಯಥಾಪ್ರತಿಯಲ್ಲ, ಬೇಕೆಂದೇ ಬದಲಿಸಿದ ಪ್ರತಿ. ಯಥಾಪ್ರತಿ ಮಾಡಿದರೆ ಭಾರವೆಲ್ಲ ಎಲುಬಿನ ಏಣುಗಳ ಮೇಲೆಯೇ ಬೀಳುತ್ತಿತ್ತು.

ತುದಿಯಲ್ಲಿ ಜಾಗ ಖಾಲಿ ಬಿಟ್ಟ ಸಾಕೆಟ್‌ಗಳಲ್ಲಿ ರಕ್ತ ಮತ್ತು ದ್ರವ ಕೆಳಗೆ ನಿಂತು ಚರ್ಮ ಊದಿ, ನರುಲಿಯಂತೆ ಒರಟಾಗುವುದು ಗೊತ್ತಾದ ಮೇಲೆ, ತುದಿಯನ್ನೂ ಹಗುರವಾಗಿ ಮುಟ್ಟುವ ಪೂರ್ಣ ಸ್ಪರ್ಶದ ಸಾಕೆಟ್ ರೂಢಿಗೆ ಬಂತು. 1970ರ ದಶಕದಲ್ಲಿ ಪಾರದರ್ಶಕ ಪ್ಲಾಸ್ಟಿಕ್‌ನ ಪರೀಕ್ಷಾ ಸಾಕೆಟ್ ಬಂದಾಗ ಒತ್ತಡ ಬಿದ್ದ ಕಡೆ ಚರ್ಮ ಬಿಳಿಚುವುದನ್ನು ಹೊರಗಿನಿಂದಲೇ ನೋಡಿ ತಿದ್ದುವಂತಾಯಿತು.

ನೆಲದ ಮೇಲೆ ಕೂರುವವರ ಕಾಲು

ಭಾರತದಲ್ಲಿ ಈ ಕಸುಬು ಸೈನ್ಯದಿಂದ ಶುರುವಾಯಿತು. ಪುಣೆಯ ಕೃತಕ ಅಂಗ ಕೇಂದ್ರ 1944ರಲ್ಲಿ ಆರಂಭವಾದದ್ದು ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ. ಅಲ್ಲಿನ ಮಾದರಿಗಳು ಪಾಶ್ಚಾತ್ಯ. ಬೂಟು ತೊಟ್ಟು ಕುರ್ಚಿಯಲ್ಲಿ ಕೂರುವವರಿಗೆ ಹೊಂದುವಂಥವು. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ, ಚಕ್ಕಂಬಟ್ಟಲೆ ಹಾಕಿ ಊಟಕ್ಕೆ ಕೂರುವವರಿಗೆ, ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವವರಿಗೆ ಅವು ಒಗ್ಗುತ್ತಿರಲಿಲ್ಲ. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆವೈದ್ಯ ಪಿ.ಕೆ. ಸೇಠಿ 1960ರ ದಶಕದ ಕೊನೆಯಲ್ಲಿ ರೂಪಿಸಿದ ರಬ್ಬರಿನ ಜೈಪುರ ಪಾದ ಈ ಕೊರತೆ ತುಂಬಿತು. ಪಾದದಷ್ಟು ಸುದ್ದಿಯಾಗದ ಅದರ ಸಾಕೆಟ್‌ಗೂ ತನ್ನದೇ ಕಥೆಯಿದೆ.

ಮೊದಲಿಗೆ ಆ ಸಾಕೆಟ್ ಮತ್ತು ಕಣಕಾಲನ್ನು ಅಲ್ಯೂಮಿನಿಯಂ ತಗಡಿನಿಂದ, ಪಾತ್ರೆ ಬಡಿಯುವ ಠಠೇರಾ ಕಸುಬುದಾರರ ಕೈಚಳಕದಿಂದ ಮಾಡುತ್ತಿದ್ದರು. ಅಳತೆಗೆ ತಗಡು ಕತ್ತರಿಸಿ, ಬೆಸೆದು, ಸುತ್ತಿಗೆಯಿಂದ ಬಡಿಯುತ್ತ ಮೋಟುಗಾಲಿನ ಉಬ್ಬುತಗ್ಗುಗಳನ್ನು ಮೂಡಿಸುತ್ತಿದ್ದರು. ಮುಂದೆ ತಗಡಿನ ಜಾಗಕ್ಕೆ ನೀರಾವರಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಬಂತು. ಪೈಪಿನ ತುಂಡನ್ನು ಒಲೆಯಲ್ಲಿ ಮೆತ್ತಗಾಗುವಷ್ಟು ಕಾಯಿಸಿ ಪ್ಲಾಸ್ಟರಿನ ಪಡಿಯಚ್ಚಿನ ಮೇಲೆ ಎಳೆದು ಕೂರಿಸಿದರೆ, ಆರಿದಾಗ ಸಾಕೆಟ್ಟೂ ಕಣಕಾಲೂ ಒಂದೇ ತುಂಡಾಗಿ ಸಿದ್ಧ. ಅದು ನೀರಿಗೆ ಹೆದರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಚರ್ಮದ ಬಣ್ಣಕ್ಕೂ ಹತ್ತಿರ. ಡಿ.ಆರ್. ಮೆಹತಾ 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಶಿಬಿರಗಳಲ್ಲಿ ಅಳತೆ ತೆಗೆದ ದಿನವೇ ಕಾಲು ತೊಡಿಸಿ ಕಳಿಸುವ ಕ್ರಮ ತಂದಿತು. ದೂರದ ಊರುಗಳಿಂದ ಬಂದವರಿಗೆ ಕೂಲಿಯೂ ಬಸ್ಸಿನ ಖರ್ಚೂ ಉಳಿಯಿತು. ಈ ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ: ಕಾಲು ಕುಗ್ಗಿದ ಮೇಲೆ ಸಾಕೆಟ್ ತಿದ್ದಿಸಲು ತೊಟ್ಟವರು ಮತ್ತೆ ಬರಬೇಕು, ಶಿಬಿರ ಮುಗಿದ ಊರಿನಲ್ಲಿ ತಿದ್ದುವವರು 
ಇರುವುದಿಲ್ಲ.

ಸರ್ಕಾರದ ಕಡೆಯಿಂದ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಕೃತಕ ಅಂಗ ತಯಾರಿಕಾ ನಿಗಮ ಅಲಿಮ್ಕೊ ಬಿಡಿಭಾಗಗಳನ್ನು ದೇಶದಲ್ಲೇ ತಯಾರಿಸತೊಡಗಿತು. ಅದರ ಸಹಾಯಕ ಘಟಕವೊಂದು ಬೆಂಗಳೂರಿನಲ್ಲಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಈ ಕಸುಬಿನ ತರಬೇತಿ ಮತ್ತು ನೋಂದಣಿಗೆ ಚೌಕಟ್ಟು ಹಾಕಿತು. 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಕೃತಕ ಕಾಲು ತೊಡಿಸುವುದರ ಜೊತೆಗೆ ಅದನ್ನು ಮಾಡುವವರನ್ನೂ ತಯಾರು ಮಾಡುತ್ತ ಬಂದಿದೆ. ಅತ್ತ ನೆಲಬಾಂಬುಗಳಿಂದ ಕಾಲು ಕಳೆದುಕೊಂಡವರು ಹೆಚ್ಚಿದ್ದ ಕಾಂಬೋಡಿಯ, ಅಫ್ಘಾನಿಸ್ತಾನಗಳಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಪಾಲಿಪ್ರೊಪಿಲೀನ್ ಹಾಳೆಯನ್ನು ಕಾಯಿಸಿ ಸಾಕೆಟ್ ಮಾಡುವ ಅಗ್ಗದ ವಿಧಾನವನ್ನು ಹರಡಿತು.

ಸಿಲಿಕೋನ್ ಮತ್ತು ನಿರ್ವಾತ

1980ರ ದಶಕದಲ್ಲಿ ತೊಡೆಯ ಸಾಕೆಟ್ ಮತ್ತೆ ಆಕಾರ ಬದಲಿಸಿತು. ಎಕ್ಸ್‌ರೇ ತೆಗೆದು ನೋಡಿದಾಗ ನಾಲ್ಕು ಗೋಡೆಯ ಸಾಕೆಟ್‌ನಲ್ಲಿ ತೊಡೆಮೂಳೆ ಹೊರಕ್ಕೆ ಸರಿಯುವುದನ್ನು ಅಮೆರಿಕದ ಐವನ್ ಲಾಂಗ್ ಗಮನಿಸಿದ್ದರು. ಅವರೂ, 1985ರಲ್ಲಿ ಜಾನ್ ಸಬೊಲಿಚ್ಚರೂ ರೂಪಿಸಿದ ಸಾಕೆಟ್‌ಗಳು ಪಕ್ಕದಿಂದ ಪಕ್ಕಕ್ಕೆ ಕಿರಿದು, ಹಿಂದುಮುಂದಕ್ಕೆ ಅಗಲ. ಇಶ್ಚಿಯಂ ಮೂಳೆ ಇಲ್ಲಿ ಅಂಚಿನ ಮೇಲೆ ಕೂರುವುದಿಲ್ಲ, ಸಾಕೆಟ್‌ನ ಒಳಗೇ ಸೇರುತ್ತದೆ. ಹಾಗಾಗಿ ಹೆಜ್ಜೆ ಹಾಕುವಾಗ ಮೈಯ ಮೇಲ್ಭಾಗ ಪಕ್ಕಕ್ಕೆ ವಾಲುವುದು ಕಡಿಮೆ.

ಹಿಡಿತದಲ್ಲಿ ಹೆಚ್ಚಿನ ಬದಲಾವಣೆ ಬಂದದ್ದು ಐಸ್‌ಲ್ಯಾಂಡಿನಿಂದ. ಹುಟ್ಟಿನಿಂದಲೇ ಒಂದು ಕಾಲು ಮೋಟಾಗಿದ್ದ ಓಸ್ಸುರ್ ಕ್ರಿಸ್ಟಿನ್ಸನ್ ಕೃತಕ ಕಾಲು ಮಾಡುವ ಕಸುಬು ಕಲಿತು 1971ರಲ್ಲಿ ರೇಕ್ಯಾವಿಕ್‌ನಲ್ಲಿ ತಮ್ಮ ಹೆಸರಿನ ಕಂಪನಿ ತೆರೆದರು. 1986ರಲ್ಲಿ ಅವರು ಸಿಲಿಕೋನ್ ಲೈನರ್, ಅಂದರೆ ಮೋಟುಗಾಲಿಗೆ ತೊಡುವ ಮೆತ್ತನೆಯ ಸಿಲಿಕೋನ್ ಚೀಲವನ್ನು ಬಳಕೆಗೆ ತಂದರು. ಇದನ್ನು ಒಳಮಗ್ಗುಲು ಹೊರಗೆ ಬರುವಂತೆ ಮಡಿಚಿ, ತುದಿಗೆ ಒತ್ತಿ, ನಡುವೆ ಗಾಳಿ ಉಳಿಯದಂತೆ ಮೇಲಕ್ಕೆ ಉರುಳಿಸುತ್ತಾರೆ. ಅದು ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಲೈನರಿನ ತುದಿಯ ಲೋಹದ ಕಡ್ಡಿ ಸಾಕೆಟ್‌ನ ತಳದ ಬೀಗದಲ್ಲಿ ಟಕ್ಕೆಂದು ಸಿಕ್ಕಿಕೊಂಡರೆ ಕಾಲು ಭದ್ರ. ಗುಂಡಿ ಒತ್ತಿದರೆ ಬಿಡುಗಡೆ. ಉಜ್ಜಾಟ ಇನ್ನು ಚರ್ಮಕ್ಕೂ ಸಾಕೆಟ್‌ಗೂ ನಡುವೆ ಅಲ್ಲ, ಲೈನರಿಗೂ ಸಾಕೆಟ್‌ಗೂ ನಡುವೆ. ಒಳಗೆ ಬೆವರು ನಿಲ್ಲುವುದು ಇದರ ದೊಡ್ಡ ತೊಡಕು. ಆದ್ದರಿಂದ ದಿನವೂ ಲೈನರನ್ನು ಸಾಬೂನಿನಿಂದ ತೊಳೆದು ಒಣಗಿಸಲೇಬೇಕು. ಸೆಖೆಯ ನಾಡುಗಳಲ್ಲಿ ಈ ಕೆಲಸ ತಪ್ಪಿಸುವಂತಿಲ್ಲ.

1990ರ ದಶಕದಲ್ಲಿ ಅಮೆರಿಕದ ಕಾರ್ಲ್ ಕ್ಯಾಸ್ಪರ್ಸ್ ಇದಕ್ಕೆ ಪಂಪು ಸೇರಿಸಿದರು. ಪ್ರತಿ ಹೆಜ್ಜೆಗೂ ಲೈನರು ಮತ್ತು ಸಾಕೆಟ್ ನಡುವಿನ ಗಾಳಿಯನ್ನು ಪಂಪು ಹೊರತೆಗೆಯುತ್ತದೆ. 2001ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಅರ್ಧ ಗಂಟೆ ನಡೆದ ಮೇಲೆ ಮಾಮೂಲಿ ಹೀರುಸಾಕೆಟ್‌ನಲ್ಲಿ ಮೋಟುಗಾಲಿನ ಗಾತ್ರ ಸರಾಸರಿ ಶೇ. 6.5ರಷ್ಟು ಕುಗ್ಗಿತು, ನಿರ್ವಾತ ಪಂಪು ಇದ್ದಾಗ ಶೇ. 3.7ರಷ್ಟು ಹೆಚ್ಚಿತು. ಸಂಜೆಯ ಸಡಿಲವನ್ನು ಚೀಲದ ಮೇಲೆ ಚೀಲ ಏರಿಸಿ ತುಂಬಿಸಿಕೊಳ್ಳುತ್ತಿದ್ದವರಿಗೆ ಇದು ಬೇರೆಯದೇ ಪರಿಹಾರ.

ಸಾಕೆಟ್ ಇಲ್ಲದ ಕಾಲು

ಸ್ವೀಡನ್ನಿನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಟೈಟಾನಿಯಂ ಮೂಳೆಯೊಂದಿಗೆ ಬೆಸೆಯುವುದನ್ನು ಕಂಡುಕೊಂಡರು. 1965ರಲ್ಲಿ ಅದನ್ನು ಹಲ್ಲಿನ ಕಸಿಗೆ ಬಳಸಿದರು. ಅದೇ ತತ್ತ್ವದ ಮೇಲೆ 1990ರಲ್ಲಿ ಮೊದಲ ಬಾರಿಗೆ ತೊಡೆಮೂಳೆಯ ಒಳಗೆ ಟೈಟಾನಿಯಂ ತಿರುಪು ಕೂರಿಸಲಾಯಿತು. ಅವರ ಮಗ ರಿಕಾರ್ಡ್ ಈ ಕೆಲಸವನ್ನು ಮುಂದುವರಿಸಿದರು. ಮೊದಲ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಆರು ತಿಂಗಳು ಮೂಳೆ ಬೆಸೆಯಲು ಬಿಟ್ಟು, ಎರಡನೆಯದರಲ್ಲಿ ಚರ್ಮದ ಮೂಲಕ ಹೊರಬರುವ ದಂಡವನ್ನು ಜೋಡಿಸುತ್ತಾರೆ. ಕೃತಕ ಕಾಲು ಆ ದಂಡಕ್ಕೇ ಸಿಕ್ಕಿಕೊಳ್ಳುತ್ತದೆ. ಭಾರವೂ ಹಿಡಿತವೂ ಎರಡೂ ಮೂಳೆಯಲ್ಲಿ. ಚರ್ಮದ ಮೇಲೆ ಒತ್ತಡವಿಲ್ಲ, ಕಾಲಡಿಯ ನೆಲ ಎಂಥದ್ದೆಂಬುದೂ ತಕ್ಕಮಟ್ಟಿಗೆ ತಿಳಿಯುತ್ತದೆ. ದಂಡ ಹೊರಬರುವ ಕಡೆ ಸೋಂಕು ತಗಲುವ ಅಪಾಯ ಮಾತ್ರ ಸದಾ ಇದ್ದೇ ಇರುತ್ತದೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಸ್ವೀಡಿಷ್ ಕಸಿಗೆ ಪೂರ್ಣ ಅನುಮೋದನೆ ಕೊಟ್ಟಿತು. ಸಾಕೆಟ್‌ನಿಂದ ಪದೇ ಪದೇ ತೊಂದರೆಗೊಳಗಾಗುವ ಕೆಲವರಿಗೆ ಇದು ದಾರಿ; ಉಳಿದ ಬಹುಪಾಲು ಜನಕ್ಕೆ ಸಾಕೆಟ್ಟೇ ಗತಿ.

ಸಾಕೆಟ್ ಮಾಡುವ ಕೈಗಳಿಗೆ ಈಗ ಕಂಪ್ಯೂಟರಿನ ನೆರವಿದೆ. ಪಿಟಿಬಿ ಕೈಪಿಡಿ ಬರೆದ ಜೇಮ್ಸ್ ಫೂರ್ಟ್ ಅವರೇ 1980ರ ದಶಕದಲ್ಲಿ ವ್ಯಾಂಕೂವರ್‌ನಲ್ಲಿ ಕಂಪ್ಯೂಟರಿನಿಂದ ಸಾಕೆಟ್ ವಿನ್ಯಾಸ ಮಾಡುವ ಕೆಲಸಕ್ಕೆ ಚಾಲನೆ ಕೊಟ್ಟರು. ಮೋಟುಗಾಲನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ತಿದ್ದಿ, ಯಂತ್ರದಲ್ಲಿ ಅಚ್ಚು ಕೊರೆಯುವುದು ಅಥವಾ ಸಾಕೆಟ್ಟನ್ನೇ ತ್ರೀಡಿ ಪ್ರಿಂಟ್ ಮಾಡುವುದು ಸಾಧ್ಯವಿದೆ. ಪ್ಲಾಸ್ಟರಿನ ಧೂಳು ತಪ್ಪುತ್ತದೆ, ಹಳೆಯ ಅಳತೆ ಕಡತದಲ್ಲಿ ಉಳಿಯುತ್ತದೆ. ಆದರೆ ಸ್ಕ್ಯಾನರಿಗೆ ಸಿಗುವುದು ಕಾಲಿನ ಹೊರ ಆಕಾರ ಮಾತ್ರ. ಎಲ್ಲಿ ಮಾಂಸ ಮೆದು, ಎಲ್ಲಿ ಮೂಳೆ ಚರ್ಮಕ್ಕೆ ಹತ್ತಿರ, ಎಲ್ಲಿ ಮುಟ್ಟಿದರೆ ನೋವು ಎಂಬುದನ್ನು ಕೃತಕ ಅಂಗ ಮಾಡಿ ತೊಡಿಸುವ ಪ್ರಾಸ್ಥೆಟಿಸ್ಟ್ ಬೆರಳಿನಿಂದ ಒತ್ತಿ, ತೊಡುವವರನ್ನು ಕೇಳಿಯೇ ತಿಳಿಯಬೇಕು. ಎಷ್ಟು ಕೆರೆಯಬೇಕು, ಎಷ್ಟು ಮೆತ್ತಬೇಕು ಎಂಬ ತೀರ್ಮಾನ ಪರದೆಯ ಮೇಲೂ ಅವರದೇ. ಮಕ್ಕಳು ಬೆಳೆದಂತೆ, ದೊಡ್ಡವರ ಕಾಲು ಕುಗ್ಗಿದಂತೆ ಆ ತೀರ್ಮಾನವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ಒಂದು ಸಾಕೆಟ್ ಎಷ್ಟು ಹಿತವಾಗಿರುತ್ತದೆ ಎಂಬುದು ಅದನ್ನು ಮಾಡಿದ ವಸ್ತುವಿನ ಜೊತೆಗೆ, ತಿದ್ದುವವರು ತೊಡುವವರಿಗೆ ಎಷ್ಟು ಹತ್ತಿರದಲ್ಲಿ ಸಿಗುತ್ತಾರೆ ಎಂಬುದನ್ನೂ ಅವಲಂಬಿಸಿದೆ.